ಚಂಡಿ ಆಟ ಬಿಟ್ಟ ಮೇಲೆ

"ಕ್ಲಚ್ ಒತ್ರೀ ಅಂದೆ. ಮುಟ್ಟಿ ನಮಸ್ಕಾರ ಮಾಡಿ ಅನ್ಲಿಲ್ಲ."

ಆ ಧ್ವನಿ ಕೇಳಿದ್ದೇ ತಡ, ನಿಶ್ಚಿತಾಳ ಎಡಗಾಲು ಕ್ಲಚ್ ಮೇಲಿಂದ ಜಾರಿತು. ಕಾರು ಒಮ್ಮೆ ಕೆಮ್ಮಿ, ಮುಗ್ಗರಿಸಿ, ನಿಂತೇಹೋಯಿತು. ಹಿಂದೆ ಬರುತ್ತಿದ್ದ ಎಳನೀರಿನ ಗೂಡ್ಸ್ ಆಟೋ ಬೈಯುವಂತೆ ಹಾರ್ನ್ ಹೊಡೆದು ಪಕ್ಕದಿಂದ ಹಾದುಹೋಯಿತು.

"ಶಹಬ್ಬಾಸ್," ಎಂದ ಪಕ್ಕದ ಸೀಟಿನವನು. "ಮೊದಲ್ನೇ ದಿನಾನೇ ಕಡೂರು ಟ್ರಾಫಿಕ್ ನಿಲ್ಸಿದ್ರಿ."

ಆ 'ಶಹಬ್ಬಾಸ್' ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಯ ಅಕ್ಷರವನ್ನು ಹಲ್ಲಿನ ನಡುವೆ ಎಳೆದು ಬಿಡುವ ರೀತಿ, ಅದರ ಹಿಂದಿನ ಅರ್ಧ ನಗು. ಮೂರು ವರ್ಷ ಹೆಡ್‌ಫೋನಿನಲ್ಲಿ ಆ ಒಂದು ಪದ ಕೇಳಿ ಹಲ್ಲು ಕಡಿದಿದ್ದಳು.

ನಿಧಾನವಾಗಿ ತಿರುಗಿ ನೋಡಿದಳು. ತೆಳ್ಳಗಿನ ಆಳು. ಸದಾ ಕಿಟಕಿಯಾಚೆ ಇಟ್ಟು ಎಡಗೈ ಮಾತ್ರ ಬಿಸಿಲಿಗೆ ಕಪ್ಪಾಗಿತ್ತು. ದಟ್ಟ ಹುಬ್ಬು. ನೋಡಲು ಚೆನ್ನಾಗಿದ್ದಾನೆ ಎಂಬುದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ನಿಮ್ಮ ಹೆಸ್ರು?"

"ಧರ್ಮೇಶ್. ಯಾಕೆ?"

"ಯಾರ ಮೇಲೆ ಕಂಪ್ಲೇಂಟ್ ಕೊಡ್ಬೇಕು ಅಂತ ಗೊತ್ತಿರ್ಲಿ ಅಂತ."

ಅವನು ನಕ್ಕ. ಅವಳು ನಗಲಿಲ್ಲ. ಕೀ ತಿರುಗಿಸಿ, ಕ್ಲಚ್ಚನ್ನು ಅವನ ಕುತ್ತಿಗೆ ಎಂದುಕೊಂಡು ತಳ ಮುಟ್ಟುವಂತೆ ಒತ್ತಿದಳು.

ಅವಳು ಆಡುತ್ತಿದ್ದ ಆಟದ ಹೆಸರು ರಣಕೋಟೆ. ನಾಲ್ಕು ಜನರ ತಂಡ ಕಟ್ಟಿಕೊಂಡು, ಮೊಬೈಲಿನಲ್ಲಿ ಎದುರಾಳಿಯ ಕೋಟೆ ಹಿಡಿಯುವ ಆಟ. ಅದರಲ್ಲಿ ಅವಳು ಚಂಡಿ. ಅಜ್ಜಂಪುರದ ಗೆಳತಿ ಅಶ್ವಿನಿ, ಅವಳದೇ ಊರಾದ ಶಿವನಿಯ ಹಾಲೇಶ್ ಮತ್ತು ಈರಣ್ಣ ಅವಳ ತಂಡ. ಕಡೂರು ಕಡೆಯ ತಂಡಕ್ಕೆ ಭೈರವ ಎಂಬವನು ನಾಯಕ. ಈ ಎರಡು ತಂಡ ಗಿರಿದುರ್ಗ ಎಂಬ ಕೋಟೆಯಲ್ಲಿ ಎದುರಾಗುವ ಸಂಜೆ, ಆಡುವುದನ್ನು ಬಿಟ್ಟು ನೋಡುತ್ತ ಕೂರುವವರು ನೂರಾರು ಜನ.

ಅಂಥ ಒಂದು ಸಂಜೆ ಭೈರವ ಅವಳ ಕೈಯಲ್ಲಿ ಮೇಲಿಂದ ಮೇಲೆ ಸೋತ. ಸೋತವನು ಎಲ್ಲರಿಗೂ ಕೇಳುವಂತೆ ಮೈಕ್ ತೆರೆದ. "ಹುಡುಗಿ ಕೈಲಿ ಹಿಂಗೆ ಗುರಿ ಇಡೋಕಾಗಲ್ಲ ಕಣ್ರೋ. ಇವ್ನು ಯಾವನೋ ದಡಿಯ, ಹೆಣ್ಣಿನ ಹೆಸರಿಟ್ಕೊಂಡು ಬಂದವ್ನೆ!"

ನೂರಾರು ಜನ ನಕ್ಕರು. ಭೈರವನಿಗೆ ಅದು ಅಲ್ಲಿಗೇ ಮುಗಿಯಿತು.

ಅವಳಿಗೆ ಮರುದಿನದಿಂದ ಶುರುವಾಯಿತು. ಹುಡುಗಿ ಆದ್ರೆ ಫೋಟೋ ಹಾಕು. ವಿಡಿಯೋ ಕಾಲ್ ಮಾಡು. ಪ್ರೂವ್ ಮಾಡು. ಆಮೇಲೆ ಅದಕ್ಕಿಂತ ಕೊಳಕು ಮಾತುಗಳು. ಯಾರೋ ಅವಳ ನಂಬರನ್ನೂ ಹುಡುಕಿದರು. ಕೆಲಸಕ್ಕಿದ್ದ ಶೋರೂಮಿನ ಕೌಂಟರಿನಲ್ಲಿ ಕೂತಾಗ ಫೋನ್ ನಡುಗಿದರೆ ಅದನ್ನು ಡ್ರಾಯರಿನೊಳಗೆ ತಳ್ಳುತ್ತಿದ್ದಳು. ತನ್ನ ತಂಡಕ್ಕಷ್ಟೇ ಕೇಳುವಂತೆ ಬಳಸುತ್ತಿದ್ದ ಮೈಕನ್ನೂ ಅಂದಿನಿಂದ ಅವಳು ತೆರೆಯಲಿಲ್ಲ. ಆಟ ಬಿಡಲೂ ಇಲ್ಲ. ಬಿಟ್ಟರೆ ಅವನು ಗೆದ್ದಂತೆ ಎಂದುಕೊಂಡು ಬಾಯಿ ಮುಚ್ಚಿ, ಮೊದಲಿಗಿಂತ ನೆಟ್ಟಗೆ ಗುರಿಯಿಟ್ಟಳು.

ಕೊನೆಗೆ ಆಟವೇ ಸಪ್ಪೆಯಾಯಿತು. ಕಂಪನಿಯವರು ಗಿರಿದುರ್ಗಕ್ಕೆ ಬಣ್ಣ ಬಳಿದು ಆಟಿಕೆ ಮಾಡಿದರು. ಮನುಷ್ಯರು ಕಡಿಮೆಯಾದ ಜಾಗಕ್ಕೆ ಕಂಪ್ಯೂಟರ್ ಬೊಂಬೆಗಳನ್ನು ತುಂಬಿದರು. ಆ ಬೊಂಬೆಗಳು ಮುಟ್ಟಿದರೆ ಸಾಯುತ್ತಿದ್ದವು. ಎಲ್ಲರೂ ಗೆಲ್ಲತೊಡಗಿದ ಮೇಲೆ ಯಾರಿಗೂ ಗೆಲುವು ಬೇಡವಾಯಿತು.

ಹಾಲೇಶ್ ಅಜ್ಜಂಪುರದ ಜಿಮ್ಮಿಗೆ ಸೇರಿ ದಿನಕ್ಕೊಂದು ತೋಳಿನ ಫೋಟೋ ಹಾಕತೊಡಗಿದ. ಈರಣ್ಣ ಬೇಸಾಯದ ಗೇಮ್ ಒಂದಕ್ಕೆ ಬಿದ್ದ. "ಹೊಲಕ್ಕೆ ಬಾರೋ ಅಂದ್ರೆ ಬರಲ್ಲ, ಮೊಬೈಲಲ್ಲಿ ರಾಗಿ ಬಿತ್ತಾವ್ನೆ," ಎಂದು ಅವನಪ್ಪ ಊರೆಲ್ಲ ಹೇಳಿಕೊಂಡು ಬಂದರು. ಅಶ್ವಿನಿ ಬ್ಲೌಸಿನ ಆರಿ ವರ್ಕ್ ಕಲಿಯಲು ಹೋದಳು. "ಗನ್ ಹಿಡ್ದ ಕೈಗೆ ಸೂಜಿ ಬಂತು ಕಣೇ. ಚುಚ್ಚೋದೇನೂ ತಪ್ಪಲಿಲ್ಲ."

ನಿಶ್ಚಿತಾಳೂ ಬೇರೆ ಆಟ ಹಾಕಿಕೊಂಡು ನೋಡಿದಳು. ಸೀರಿಯಲ್ ನೋಡಿದಳು. ಯಾವುದೂ ಹಿಡಿಸಲಿಲ್ಲ. ಮತ್ತೆ ಮತ್ತೆ ರಣಕೋಟೆಗೇ ಹೋಗುತ್ತಿದ್ದಳು. ಯಾಕೆಂದರೆ ಭೈರವ ಇನ್ನೂ ಬರುತ್ತಿದ್ದ.

ತಂಡವಿಲ್ಲ, ನೋಡುವವರಿಲ್ಲ. ಸಂಜೆ ಹೊತ್ತು ಬಣ್ಣ ಬಳಿದ ಆ ಕೋಟೆಯಲ್ಲಿ ಇಬ್ಬರೇ. ಮಾತಿಲ್ಲ. ಅವನು ಅಟ್ಟಿದರೆ ಅವಳು ಅಡಗುವಳು, ಅವಳು ಅಟ್ಟಿದರೆ ಅವನು. ಅವನ ಹೆಜ್ಜೆ ಸದ್ದು ಯಾವ ಗೋಡೆಯ ಹಿಂದಿನದು ಎಂದು ಅವಳಿಗೆ ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು. ಒಂದು ವಾರ ಹೊಸದುರ್ಗಕ್ಕೆ ದೊಡ್ಡಪ್ಪನ ಮಗಳ ಮದುವೆಗೆ ಹೋಗಿ ಬಂದಳು. ಬಂದು ನೋಡಿದರೆ ಭೈರವನ ಹೆಸರು, ಆಡುವವನು ಬಂದಿಲ್ಲ ಎಂದು ತೋರಿಸುವ ಬೂದು ಬಣ್ಣಕ್ಕೆ ತಿರುಗಿತ್ತು. ಎಷ್ಟೋ ಸಂಜೆ ಅದು ಹಸಿರಾಗಲೇ ಇಲ್ಲ.

ತಾನು ದ್ವೇಷಿಸುವವನು ಕಾಣದಿದ್ದರೆ ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಒಂದು ದಿನ ಆಟವನ್ನು ಅಳಿಸಿ ಹಾಕಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅವಳು ಕೆಲಸ ಮಾಡುತ್ತಿದ್ದ ಕಡೂರಿನ, ಹೊಲ ಉಳುವ ಟಿಲ್ಲರ್ ಯಂತ್ರಗಳ ಶೋರೂಮಿನ ಮಾಲೀಕರು, ಲೈಸೆನ್ಸ್ ಇದ್ದರೆ ಹಳ್ಳಿಗಳಿಗೆ ಡೆಮೊ ತೋರಿಸಲು ಕಳಿಸುವೆ ಎಂದಿದ್ದರು. ಕೌಂಟರಿನ ಹಿಂದಿನಿಂದ ಎದ್ದು ಹೊರಗೆ ಹೋಗಬೇಕೆಂಬುದು ಅವಳಿಗೂ ಬಹಳ ದಿನದ ಆಸೆ.

ಈಗ ನೋಡಿದರೆ, ಭೈರವ ಪಕ್ಕದ ಸೀಟಿನಲ್ಲಿ ಕೂತು ಕ್ಲಚ್ ಒತ್ತು ಅನ್ನುತ್ತಿದ್ದಾನೆ.

"ಹೇಳ್ಬಿಡು ಕಣೇ," ಎಂದಳು ಫೋನಿನಲ್ಲಿ ಅಶ್ವಿನಿ. "ನಾನೇ ಚಂಡಿ ಅಂತ ಹೇಳಿ ನಾಲ್ಕು ಉಗ್ದು ಬಾ."

"ಹೇಳಲ್ಲ. ಅವ್ನ ಜೀವ ತಿಂದು, ಲೈಸೆನ್ಸ್ ತಗೊಂಡು, ಆಮೇಲೆ ಹೇಳ್ತೀನಿ."

ಜೀವ ತಿನ್ನುವುದರಲ್ಲಿ ಅವಳು ಕೊರತೆ ಮಾಡಲಿಲ್ಲ. ಬೇಕೆಂದೇ ಗುಂಡಿಗಳ ಮೇಲೆ ಹತ್ತಿಸಿದಳು. ಬಲಕ್ಕೆ ಎಂದರೆ, ಯಾರ ಬಲ ಎಂದಳು. ಅವನೂ ಬಿಡುವ ಆಸಾಮಿಯಲ್ಲ.

"ಮಿರರ್ ನೋಡ್ರೀ."

"ನೋಡ್ತಾ ಇದೀನಿ."

"ಅದ್ರಲ್ಲಿ ನನ್ನ ಮುಖ ಅಲ್ಲ, ಹಿಂದಿರೋ ಲಾರಿ ನೋಡ್ಬೇಕು."

"ನಿಮ್ಮ ಮುಖಕ್ಕಿಂತ ಲಾರಿನೇ ವಾಸಿ."

"ಹಂಗಾದ್ರೆ ನೋಡೋಕೇನು ಕಷ್ಟ?"

ಸಖರಾಯಪಟ್ಟಣದ ರಸ್ತೆಯಲ್ಲಿ ಎರಡೂ ಕಡೆ ತೆಂಗಿನ ತೋಟ. ನೆರಳು ಬಿಸಿಲು, ನೆರಳು ಬಿಸಿಲು ಎಂದು ಅವನ ಮುಖದ ಮೇಲೆ ಪಟ್ಟೆ ಪಟ್ಟೆಯಾಗಿ ಓಡುತ್ತಿತ್ತು. ಅವಳು ರಸ್ತೆ ನೋಡಬೇಕಾದಾಗಲೆಲ್ಲ ಕಣ್ಣಂಚಿನಲ್ಲಿ ಆ ಪಟ್ಟೆ ಕಾಣುತ್ತಿತ್ತು. ರಸ್ತೆ ದಾಟುವ ಕುಂಟು ನಾಯಿಗೆ ಅವನು "ಹೋಗಪ್ಪ, ನಿಧಾನಕ್ಕೆ ಹೋಗು, ಇವರು ಯಾರ್ನೂ ಬಿಡಲ್ಲ" ಎನ್ನುತ್ತಿದ್ದ. ನಾಯಿ ದಾಟುವ ತನಕ ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟಿರುತ್ತಿದ್ದ. ಅದನ್ನು ತಾನು ಗಮನಿಸಿದ್ದಕ್ಕೆ ನಿಶ್ಚಿತಾ ತನ್ನನ್ನೇ ಬೈದುಕೊಂಡಳು.

ರೈಲ್ವೆ ಮೇಲ್ಸೇತುವೆಯ ಏರಿನಲ್ಲಿ ಒಂದು ದಿನ ಕಾರು ನಿಲ್ಲಿಸಲು ಹೇಳಿದ. "ಈಗ ಹಿಂದಕ್ಕೆ ಜಾರದಂಗೆ ಎತ್ತಿ. ಎಂಜಿನ್ ಸದ್ದು ಕೇಳಿಸ್ಕೊಳ್ಳಿ. ಅದು ದನಿ ಬದಲಾಯಿಸ್ತಿದ್ದಂಗೆ ಬ್ರೇಕ್ ಬಿಡಿ."

ಸದ್ದು ಕೇಳುವುದು ಅವಳಿಗೆ ಹೊಸದಲ್ಲ. ಕಿವಿಗೊಟ್ಟಳು. ದನಿ ಬದಲಾಯಿತು. ಕಾರು ಒಂದು ಕೂದಲೆಳೆಯಷ್ಟೂ ಜಾರದೆ ಏರು ಹತ್ತಿತು.

ಅವನು ಕಿಟಕಿಯಾಚೆ ನೋಡಿದ. ಕೆನ್ನೆ ಮಾತ್ರ ಅಗಲವಾಗಿತ್ತು.

"ಯಾಕೆ ನಕ್ಕಿದ್ದು?"

"ನಗ್ಲಿಲ್ಲ."

"ಹಲ್ಲು ಕಾಣ್ತು."

"ಬಿಸ್ಲಿಗೆ."

ಅಂದು ಸಂಜೆ ಬಸ್ಸಿನಲ್ಲಿ ಕೂತಾಗ ತನ್ನ ತುಟಿಯೂ ಅರಳಿದ್ದು ತಿಳಿದು, ದುಪಟ್ಟಾದಿಂದ ಬಾಯಿ ಒರೆಸಿಕೊಂಡಳು.

ಹಿರೇನಲ್ಲೂರಿನ ರಸ್ತೆ ನೇರ. ಎರಡೂ ಬದಿಗೆ ಕಟಾವಾದ ರಾಗಿ ಹೊಲ. ಅವಳು ಸಲೀಸಾಗಿ ಗೇರ್ ಬದಲಿಸುತ್ತಿದ್ದಳು. ಧರ್ಮೇಶ್ ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಕೈ ಭಾರಿ ಚುರುಕು ನಿಮ್ದು. ಗೇಮ್ ಗೀಮ್ ಆಡ್ತೀರಾ?"

"ಆಡ್ತಿದ್ದೆ. ಬಿಟ್ಟೆ. ನೀವು?"

"ನಾನೂ ಬಿಟ್ಟೆ. ರಣಕೋಟೆ ಅಂತ ಒಂದಿತ್ತು. ಹಾಳಾಗೋಯ್ತು. ನಮ್ಮ ಹುಡುಗ್ರೆಲ್ಲ ಈಗ ವಾಲಿಬಾಲ್ ಆಡ್ತವ್ರೆ. ನಾನು ಮಾತ್ರ ಬಾಳ ದಿನ ಹೋಗ್ತಿದ್ದೆ." ಅವನು ಕಿಟಕಿಯ ಗಾಜನ್ನು ಸುಮ್ಮನೆ ಅರ್ಧ ಏರಿಸಿ ಮತ್ತೆ ಇಳಿಸಿದ. "ಚಂಡಿ ಅಂತ ಒಬ್ರು ಬರೋರು. ನನ್ನ ಕಂಡ್ರೆ ಕೊಲ್ಲೋಷ್ಟು ದ್ವೇಷ. ಆಟದ್ ಮೇಲೆ ಯಾವನಿಗೆ ಆಸೆ ಇತ್ತು? ಆ ಜಗಳಕ್ಕೇ ಹೋಗ್ತಿದ್ದೆ."

"ಮತ್ತೆ ಬಿಟ್ಟಿದ್ಯಾಕೆ?"

"ಒಂದಿನ ಹೋದೆ. ಗೋಡೆ ಹತ್ರ ಚಂಡಿ ನಿಂತಿತ್ತು. ಹತ್ರ ಹೋದ್ರೂ ಅಡಗಲಿಲ್ಲ, ತಿರುಗಲಿಲ್ಲ. ಗೋಡೆಗೆ ಡಿಕ್ಕಿ ಹೊಡೀತಾ, ಹಿಂದಕ್ಕೆ ಬತ್ತಾ, ಮತ್ತೆ ಡಿಕ್ಕಿ ಹೊಡೀತಾ ಇತ್ತು. ಯಾರು ಆಡೋದು ಬಿಟ್ಟಿದ್ದಾರೋ ಅವ್ರ ಹೆಸ್ರನ್ನ ಕಂಪನಿಯೋರು ಬೊಂಬೆಗೆ ಇಟ್ಬಿಟ್ಟಿದ್ರು. ಅಂದ್ರೆ ನಿಜವಾದ ಚಂಡಿ ಹೋಯ್ತು ಅಂತ ತಾನೇ? ಆರಾಮಾಗಿ ಹೊಡೀಬೋದಿತ್ತು. ಕೈ ಬರ್ಲಿಲ್ಲ ಕಣ್ರೀ. ಅವತ್ತೇ ತೆಗ್ದಾಕ್ದೆ."

ನಿಶ್ಚಿತಾ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದಳು. ಮೂರು ವರ್ಷದ ಸಿಟ್ಟು ಒಂದು ಗಳಿಗೆ ಸಡಿಲವಾಯಿತು. ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದಳು ಕೂಡ.

ಅಷ್ಟರಲ್ಲಿ ಅವನು ನಕ್ಕ. "ಹುಡುಗಿ ಹೆಸ್ರು ಅಷ್ಟೇ ಬಿಡಿ. ಯಾವನೋ ದಡಿಯ ಇರ್ಬೇಕು. ನಾನು ಒಂದ್ಸಲ ಎಲ್ಲರ ಮುಂದೆ ಅಂದಿದ್ದೆ, ಬಿದ್ದು ಬಿದ್ದು ನಕ್ಕಿದ್ರು."

ಕಾರು ಕಿರುಚಿ ನಿಂತಿತು. ಅವನ ಹಣೆ ಮುಂದಿನ ಗಾಜಿಗೆ ತಗುಲುವುದರಲ್ಲಿತ್ತು.

"ಏನ್ರೀ ಇದು!"

"ಆ ದಡಿಯ ನಾನೇ."

ಅವಳು ಸೀಟ್ ಬೆಲ್ಟ್ ಬಿಚ್ಚಿ ಕೆಳಗಿಳಿದಳು. ಅವನೂ ಇಳಿದ. ನಡುವೆ ಕಾರು, ಸುತ್ತ ಖಾಲಿ ಹೊಲ.

"ಬಿದ್ದು ಬಿದ್ದು ನಕ್ರಾ? ನಗದೆ ಏನು. ನೀವು ನಕ್ಕು ಮಲ್ಗಿದ್ರಿ. ಬೆಳಿಗ್ಗೆಯಿಂದ ನನ್ನ ಫೋನಿಗೆ ಏನೇನು ಬಂತು ಗೊತ್ತಾ? ಹುಡುಗಿ ಅಂತ ಪ್ರೂವ್ ಮಾಡು ಅಂತ. ಹೆಂಗೆ ಮಾಡ್ಬೇಕು ಅಂತನೂ ಬರೆದಿದ್ರು. ನಮ್ಮವ್ವನ ಎದುರು ಫೋನ್ ಎತ್ತೋಕೆ ಹೆದರ್ತಿದ್ದೆ. ಅವತ್ತಿಂದ ಮೈಕಲ್ಲಿ ನನ್ನ ತಂಡದೋರಿಗೂ ನನ್ನ ದನಿ ಕೇಳಿಲ್ಲ."

"ನಂಗಿದು ಗೊತ್ತಿರ್ಲಿಲ್ಲ..."

"ಗೊತ್ತು ಮಾಡ್ಕೊಳ್ಳೋಕೂ ಹೋಗ್ಲಿಲ್ಲ."

ಅವನ ಮುಖ ಕಪ್ಪಿಟ್ಟಿತು. ಆದರೆ ಅವನಿಗೂ ಸಿಟ್ಟಿತ್ತು. "ಇಷ್ಟು ದಿನದಿಂದ ನಾನು ಯಾರು ಅಂತ ನಿಮ್ಗೆ ಗೊತ್ತಿತ್ತು. ಪಕ್ಕದಲ್ಲಿ ಕೂತು ನನ್ನ ಬಾಯಿ ಬಿಡಿಸ್ತಿದ್ರಿ. ನಾನು ನಂಬಿ ಏನೇನೋ ಹೇಳ್ಕೊಂಡೆ. ಒಳಗೊಂದು ಹೊರಗೊಂದು ಇಟ್ಕೊಂಡು ಮೋಸ ಮಾಡೋದು ನಿಮ್ಗೂ ಚೆನ್ನಾಗಿ ಬರುತ್ತೆ."

"ಬರುತ್ತೆ. ಗುರಿ ಇಡೋದೂ ಬರುತ್ತೆ. ಹುಡುಗಿ ಕೈಲಿ!"

ಕಡೂರಿಗೆ ಹೋಗುವ ಬಸ್ಸು ಬರುತ್ತಿತ್ತು. ಕೈ ಅಡ್ಡ ಹಾಕಿ ಹತ್ತಿದಳು. ತಿರುಗಿ ನೋಡಬಾರದೆಂದುಕೊಂಡಳು. ನೋಡಿದಳು. ಅವನು ಕಾರಿನ ಬಾನೆಟ್ಟಿನ ಮೇಲೆ ಎರಡೂ ಕೈ ಊರಿ ತಲೆ ತಗ್ಗಿಸಿ ನಿಂತಿದ್ದ.

ಮುಂದಿನ ಕ್ಲಾಸಿಗೆ ಸ್ಕೂಲಿನ ಮಾಲೀಕ ಕರಿಸಿದ್ದಪ್ಪನವರೇ ಬಂದರು. ಅವರು ಕಾರು ಹತ್ತಿದ ಕೂಡಲೇ ನಿದ್ದೆ ಹೋಗುವ ಜಾತಿ. "ಅವ್ನು ಬರಲ್ಲ ಅಂದ್ಬಿಟ್ಟ ಕಣವ್ವ. ಜಗಳ ಆಡಿದ್ರಾ?" ಎಂದು ಒಂದು ಕಣ್ಣು ತೆರೆದು ಕೇಳಿ ಮತ್ತೆ ಮುಚ್ಚಿದರು. ಬೈಯುವವರಿಲ್ಲದ ಕಾರು ನಿಶ್ಚಿತಾಳಿಗೆ ವಿಪರೀತ ದೊಡ್ಡದಾಗಿ ಕಂಡಿತು.

ಆ ವಾರ ಹಾಲೇಶ್ ಫೋನ್ ಮಾಡಿದ. "ಲೇ ನಿಶ್ಚಿ, ಭೈರವ ಮತ್ತೆ ರಣಕೋಟೆಗೆ ಬಂದಿದ್ನಂತೆ. ಮೈಕ್ ಓಪನ್ ಮಾಡಿ, 'ಚಂಡಿ ಬಗ್ಗೆ ನಾನು ಅಂದಿದ್ದು ತಪ್ಪು, ಸೋತ ಹೊಟ್ಟೆಕಿಚ್ಚಿಗೆ ಅಂದೆ, ಕ್ಷಮಿಸ್ಬೇಕು' ಅಂತ ಹೇಳಿದ್ನಂತೆ."

"ಯಾರ್ ಯಾರು ಇದ್ರು ಅಲ್ಲಿ?"

"ಯಾರಿದ್ದಾರೆ? ನಾಲ್ಕು ಜನ. ಮಿಕ್ಕಿದ್ದೆಲ್ಲ ಬೊಂಬೆ."

ಮರುದಿನ ಮಧ್ಯಾಹ್ನ ಅವನು ಶೋರೂಮಿಗೇ ಬಂದ. ಟಿಲ್ಲರುಗಳ ನಡುವೆ ನಿಂತು, ಕೊಳ್ಳಲು ಬಂದವನ ಹಾಗೆ ಒಂದರ ಹ್ಯಾಂಡಲ್ ಹಿಡಿದುಕೊಂಡ.

"ಬೊಂಬೆಗಳ ಮುಂದೆ ಕ್ಷಮೆ ಕೇಳಿದ್ರಂತೆ," ಎಂದಳು ಅವಳು ಕೌಂಟರಿನಿಂದ ಏಳದೆ. "ಅವು ಒಪ್ಕೊಂಡ್ವಾ?"

"ಅಲ್ಲೇ ಅಂದಿದ್ದು. ಅಲ್ಲೇ ವಾಪಸ್ ತಗೋಬೇಕು ಅನ್ನಿಸ್ತು."

"ಅಂದಾಗ ನೂರಾರು ಜನ ಇದ್ರು. ನಿಮ್ಮ ಹುಡುಗ್ರಿದ್ರು. ಅವ್ರ ಮುಂದೆ ಹೇಳಿ. ನಾನೂ ಇರ್ಬೇಕು."

ಅವನು ಹ್ಯಾಂಡಲ್ ಬಿಟ್ಟ. ಆ ಹುಡುಗರು ಅವನ ಊರಿನವರು, ಒಟ್ಟಿಗೆ ಈಜು ಕಲಿತವರು. "ಭಾನುವಾರ ಸಖರಾಯಪಟ್ಟಣಕ್ಕೆ ಬನ್ನಿ. ಸಂಜೆ ವಾಲಿಬಾಲ್ ಇರುತ್ತೆ."

"ಬತ್ತೀನಿ. ಹೆದರ್ಕೊಂಡು ಬರಲ್ಲ ಅಂದ್ಕೊಂಡ್ರಾ?"

"ನೀವು ಬರಲ್ಲ ಅಂತ ಯಾವತ್ತೂ ಅಂದ್ಕೊಂಡಿಲ್ಲ," ಎಂದು ಅವನೂ ಸಿಡುಕಿಯೇ ಹೇಳಿ ಹೋದ.

ಭಾನುವಾರ ಅಶ್ವಿನಿಯನ್ನು ಜೊತೆಗೆ ಕರೆದುಕೊಂಡು ಬಸ್ ಇಳಿದಳು. ತೋಟಗಳ ಅಂಚಿನ ಬಯಲಿನಲ್ಲಿ ನೆಟ್ ಕಟ್ಟಿ ಆಡುತ್ತಿದ್ದರು. ಧರ್ಮೇಶ್ ಅವಳನ್ನು ಕಂಡು ಚೆಂಡನ್ನು ಕೈಯಲ್ಲೇ ಹಿಡಿದುಕೊಂಡ.

"ಆಟ ನಿಲ್ಸ್ರೋ. ಒಂದು ಮಾತಿದೆ. ಇವ್ರು ನಿಶ್ಚಿತಾ. ರಣಕೋಟೆ ಚಂಡಿ ಇವ್ರೇ. ಅವತ್ತು ನಾನು ಸೋತು, ಹೊಟ್ಟೆ ಉರ್ಕೊಂಡು ಇವ್ರ ಮೇಲೆ ಸುಳ್ಳು ಹೇಳ್ದೆ. ನೀವೆಲ್ಲ ನನ್ನ ಮಾತು ನಂಬಿ ಇವ್ರಿಗೆ ಕಾಟ ಕೊಟ್ರಿ. ತಪ್ಪು ನಂದು ಮೊದ್ಲು. ಆಮೇಲೆ ನಿಮ್ದು."

ಒಬ್ಬಿಬ್ಬರು ತಲೆ ತಗ್ಗಿಸಿದರು. ನೆಟ್ಟಿನ ಕಂಬಕ್ಕೆ ಒರಗಿದ್ದ ಕಾಂತರಾಜ್ ಮಾತ್ರ ನಕ್ಕ. "ಅಯ್ಯೋ ಬಿಡಮ್ಮ. ಗೇಮಲ್ಲಿ ಇವೆಲ್ಲ ಇದ್ದಿದ್ದೇ. ಯಾರಾದ್ರೂ ಸೀರಿಯಸ್ಸಾಗಿ ತಗೋತಾರಾ?"

"ಸುಮ್ನಿರೋ ಕಾಂತರಾಜ," ಎಂದ ಪಕ್ಕದವನೊಬ್ಬ. ಆ ಹೆಸರಿನಿಂದ ಬಂದ ಮೆಸೇಜುಗಳನ್ನು ಅವಳು ಮರೆತಿರಲಿಲ್ಲ.

"ಕಾಂತರಾಜ್ ನೀವೇನಾ? ದಿನಾ ಬೆಳಿಗ್ಗೆ ಕಳಿಸ್ತಿದ್ರಲ್ಲ, ಅದನ್ನ ಈಗ ಬಾಯಲ್ಲಿ ಹೇಳಿ."

"ಏನು?"

"ನೀವು ಬರೆದಿದ್ದೇ. ಫೋನ್ ಬೇಡ, ಟೈಪ್ ಮಾಡೋದು ಬೇಡ. ನಾನು ಎದುರಿಗೇ ನಿಂತಿದೀನಿ. ಹುಡುಗೀನೋ ಗಂಡ್ಸೋ ಚೆನ್ನಾಗಿ ನೋಡ್ಕೊಂಡು, ಎಲ್ರಿಗೂ ಕೇಳೋ ಹಂಗೆ ಹೇಳಿ."

ಹುಲ್ಲಿನ ಹೊರೆ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. ಕಾಂತರಾಜನ ಬಾಯಿ ಒಮ್ಮೆ ತೆರೆದು ಮುಚ್ಚಿತು. ಅವನು ಅವಳ ಮುಖ ಬಿಟ್ಟು ಎಲ್ಲ ಕಡೆ ನೋಡಿದ.

"ಬರ್ತಿಲ್ಲ ಅಲ್ವಾ?" ಎಂದಳು. "ಸೀರಿಯಸ್ ಅಲ್ದೇ ಇರೋ ಮಾತು ಹೇಳೋಕೆ ಯಾಕಿಷ್ಟು ಕಷ್ಟ?"

ಅವನು ಸಿಟ್ಟನ್ನು ಧರ್ಮೇಶನ ಮೇಲೆ ತಿರುಗಿಸಿದ. "ಹೊರಗ್ನೋರ ಮುಂದೆ ನಮ್ಮ ಮರ್ಯಾದೆ ತೆಗ್ದೆಯಲ್ಲೋ. ನಾಳೆಯಿಂದ ಈ ಕಡೆ ತಲೆ ಹಾಕ್ಬೇಡ."

ಧರ್ಮೇಶ್ ಚೆಂಡನ್ನು ನೆಲದ ಮೇಲಿಟ್ಟು, ಮೂಲೆಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು ಬಂದ. ಯಾರೂ ತಡೆಯಲಿಲ್ಲ. ಬಸ್ ನಿಲ್ದಾಣದ ಕಡೆಗೆ ಮೂವರೂ ನಡೆದರು. ಅಶ್ವಿನಿ ಬೇಕೆಂದೇ ಹತ್ತು ಹೆಜ್ಜೆ ಹಿಂದುಳಿದಳು.

"ನಿಮ್ಮ ಮೇಲೆ ಕರುಣೆ ಬರುತ್ತೆ ಅಂದ್ಕೊಂಡಿದ್ರೆ, ಬರ್ಲಿಲ್ಲ," ಎಂದಳು ನಿಶ್ಚಿತಾ.

"ನಾನು ಕೇಳ್ಲಿಲ್ಲ."

"ಕರಿಸಿದ್ದಪ್ಪನೋರು ಕಾರಲ್ಲಿ ಗೊರಕೆ ಹೊಡೀತಾರೆ."

"ಗೊತ್ತು."

"ನಂಗೆ ಟೆಸ್ಟ್ ಹತ್ರ ಬಂತು."

"ರಿವರ್ಸ್ ಕೆಟ್ಟದಾಗಿದೆ ನಿಮ್ದು," ಎಂದ ಅವನು ಬಸ್ಸು ಬರುವ ದಿಕ್ಕು ನೋಡುತ್ತ. "ಬೆಳಿಗ್ಗೆ ಬೇಗ ಬನ್ನಿ."

ಅವನ ಕಣ್ಣುಗಳು ಕೆಂಪಾಗಿದ್ದವು. ಅವಳು ನೋಡಿಯೂ ನೋಡದಂತೆ ಬಸ್ ಹತ್ತಿದಳು. ಕಡೂರು ಬರುವವರೆಗೂ ಆ ಕಣ್ಣುಗಳು ಅವಳ ಜೊತೆಗೇ ಬಂದವು.

ತರೀಕೆರೆಯ ಟೆಸ್ಟಿನ ದಿನ ಅವಳು ಎಂಟರ ಆಕಾರದ ಟ್ರ್ಯಾಕನ್ನು ಒಂದೂ ಗೆರೆ ತುಳಿಯದೆ ಸುತ್ತಿದಳು. ಹಿಂದಕ್ಕೂ ನೆಟ್ಟಗೆ ಬಂದಳು. ಇನ್‌ಸ್ಪೆಕ್ಟರ್ ತಲೆಯಾಡಿಸಿ ಪಾಸ್ ಎಂದರು. ಬೇಲಿಯಾಚೆ ನಿಂತಿದ್ದ ಧರ್ಮೇಶ್ ಜಿಗಿದದ್ದು ಅವಳಿಗೆ ಕಂಡಿತು. ಅವಳು ಹತ್ತಿರ ಬರುವಷ್ಟರಲ್ಲಿ ಅವನು ಮುಖ ಗಂಟು ಹಾಕಿಕೊಂಡಿದ್ದ.

"ಎರಡನೇ ಸುತ್ತಲ್ಲಿ ಇಂಡಿಕೇಟರ್ ಲೇಟಾಯ್ತು."

"ಇನ್ನು ನೀವು ನನ್ನ ಮೇಷ್ಟ್ರಲ್ಲ. ಬಾಯಿ ಮುಚ್ಕೊಂಡು ಪಕ್ಕದಲ್ಲಿ ಕೂತ್ಕೊಳ್ಳಿ. ಶಿವನಿಗೆ ಹೋಗ್ತಿದೀವಿ, ನಮ್ಮವ್ವಂಗೆ ಹೇಳ್ಬೇಕು. ಕಾರು ಒಯ್ಯೋಕೆ ಕರಿಸಿದ್ದಪ್ಪನೋರು ಒಪ್ಪಿದ್ದಾರೆ."

"ನಾನು ಯಾರು ಅಂತ ಹೇಳ್ತೀರಿ ಅವ್ರಿಗೆ?"

"ಶತ್ರು ಅಂತ."

"ಶತ್ರುಗೆ ಊಟ ಹಾಕ್ತಾರಾ?"

"ನಮ್ಮವ್ವ ಯಾರು ಬಂದ್ರೂ ಹಾಕ್ತಾಳೆ. ನಾನಾಗಿದ್ರೆ ಹಾಕ್ತಿರ್ಲಿಲ್ಲ."

ಅಜ್ಜಂಪುರ ದಾಟಿತು. ಈರುಳ್ಳಿ ಹೊಲಗಳ ಘಾಟು ಕಿಟಕಿಯಿಂದ ಒಳಗೆ ಬಂತು. ಶಿವನಿಯ ರೈಲ್ವೆ ಗೇಟು ಹಾಕಿತ್ತು. ಅವಳು ಕಾರು ನಿಲ್ಲಿಸಿ ಎಂಜಿನ್ ಆರಿಸಿದಳು. ಹಿಂದೆ ಒಂದು ಟ್ರಾಕ್ಟರ್, ಅದರ ಹಿಂದೆ ಒಂದು ಬಸ್ಸು, ಒಂದೆರಡು ಬೈಕು ಬಂದು ನಿಂತವು.

"ಒಂದು ಕೇಳ್ಲಾ?" ಎಂದ ಅವನು. "ನೀವು ಯಾಕೆ ಬಿಟ್ರಿ ಆಟ? ನನ್ನ ಬಾಯಿಗೆ ಹೆದರಿ ಬಿಡೋರಲ್ಲ ನೀವು. ಎಲ್ರೂ ಹೋದ್ಮೇಲೂ ಬರ್ತಿದ್ರಿ."

"ನಿಮಗಿಂತ ಮೊದ್ಲು ನಾನೆಲ್ಲಿ ಬಿಟ್ಟೆ?"

"ನಿಮ್ಮ ಹೆಸ್ರಿನ ಬೊಂಬೆ..."

"ಹೊಸದುರ್ಗಕ್ಕೆ ಮದುವೆಗೆ ಹೋಗಿದ್ದೆ ಮಾರಾಯ!" ಅವಳ ದನಿ ಏರಿತು. "ಒಂದು ವಾರ. ಅಷ್ಟಕ್ಕೇ ಕಂಪನಿಯೋರು ನನ್ನ ಬೊಂಬೆ ಮಾಡವ್ರೆ. ಹೋಳಿಗೆ ತಿಂದು ವಾಪಸ್ ಬಂದು ನೋಡಿದ್ರೆ ನೀವಿಲ್ಲ. ಆ ದರಿದ್ರ ಕೋಟೇಲಿ ಗೋಡೆಗೆ ಒರಗ್ಕೊಂಡು ದಿನಾ ಸಂಜೆ ಕೂತಿರ್ತಿದ್ದೆ. ನಿಮ್ಮ ಕಾಲಿನ ಸದ್ದು ಬರುತ್ತೇನೋ ಅಂತ. ಬೊಂಬೆಗಳು ಬಂದು ಬಂದು ಸಾಯೋವು. ನೀವು ಬರ್ಲಿಲ್ಲ. ಒಂದು ವಾರ ಕಾಯೋಕಾಗ್ಲಿಲ್ವಾ ನಿಮ್ಗೆ?"

ಅವನು ಅವಳನ್ನೇ ನೋಡುತ್ತಿದ್ದ. "ಕಾಯ್ತಿದ್ರಾ?"

"ಕೊಲ್ಲೋಕೆ!"

"ನಿಶ್ಚಿತಾ."

ಮೊದಲ ಸಲ ಅವನು ಅವಳ ಹೆಸರು ಹಿಡಿದು ಕರೆದ. ಅವಳ ಸಿಟ್ಟಿನ ಕಟ್ಟು ಎಲ್ಲೋ ಕಳಚಿತು. ಕಣ್ಣಲ್ಲಿ ನೀರು ತುಂಬಿತು. ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

"ನಿಮ್ಮನ್ನ ಕಂಡ್ರೆ ನಂಗಾಗಲ್ಲ," ಎಂದಳು. "ಕಾಣ್ದೇ ಇದ್ರೆ ಇನ್ನೂ ಆಗಲ್ಲ. ಏನ್ ಮಾಡ್ಲಿ ಹೇಳಿ?"

ರೈಲು ಬಂತು. ಬೋಗಿಗಳ ಸದ್ದಿಗೆ ಕಾರಿನ ಗಾಜು ನಡುಗಿತು. ಅವನು ಏನೋ ಹೇಳಿದ. ಕೇಳಿಸಲಿಲ್ಲ. ಅವಳು ಕಿವಿಯ ಹತ್ತಿರ ಕೈ ತಂದು ಏನು ಎಂದು ಸನ್ನೆ ಮಾಡಿದಳು. ಅವನು ಮತ್ತೆ ಹೇಳಿದ. ಆಗಲೂ ಕೇಳಿಸಲಿಲ್ಲ. ಕೊನೆಯ ಬೋಗಿ ದಾಟಿ ಸದ್ದು ಹಠಾತ್ತನೆ ನಿಂತಾಗ ಅವನು ಇನ್ನೂ ಕೂಗುತ್ತಲೇ ಇದ್ದ.

"ನನ್ನ ಜೊತೆ ಬಾಳೆಲ್ಲ ಜಗಳ ಆಡ್ತೀಯಾ ಅಂದೆ!"

ಪಕ್ಕದ ಬೈಕಿನವನು ತಿರುಗಿ ನೋಡಿದ. ಟ್ರಾಕ್ಟರಿನ ಮೇಲಿದ್ದವನು ಹಲ್ಲು ಕಿರಿದ. ಧರ್ಮೇಶನ ಕಿವಿಗಳು ಕೆಂಪೇರಿದವು.

ಗೇಟು ಮೇಲೇರಿತು. ಹಿಂದಿನಿಂದ ಬಸ್ಸು ಹಾರ್ನ್ ಹೊಡೆಯಿತು. ಟ್ರಾಕ್ಟರೂ ಹೊಡೆಯಿತು.

"ಗೇಟ್ ತೆಗ್ದಿದ್ದಾರೆ, ಹೊರಡಿ," ಎಂದ ಅವನು ಗಾಬರಿಯಿಂದ ಗೇರಿಗೆ ಕೈ ಹಾಕಿ.

ನಿಶ್ಚಿತಾ ಕೀ ಮುಟ್ಟಲಿಲ್ಲ. ಗೇರಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟು, ಇಷ್ಟು ಹೊತ್ತು ಎಲ್ಲಿ ಅಡಗಿಸಿದ್ದಳೋ ಆ ನಗುವನ್ನೆಲ್ಲ ಅವನ ಕಡೆ ತಿರುಗಿಸಿದಳು.

"ಕಾಯ್ಲಿ ಬಿಡು," ಎಂದಳು. "ಇನ್ನೊಂದ್ಸಲ ಹೇಳು."